ಕೆಂಪಕ್ಷರದ ಆಂಪುಲ್

ನಾನು ನರ್ಸಿಂಗ್ ಕೆಲಸಕ್ಕೆ ಸೇರಿ 23 ವರ್ಷ ಆಯ್ತು. ಈಗ ಬೆಡ್ ಹತ್ರ ನಿಲ್ಲೋದು ಕಮ್ಮಿ, ಕ್ವಾಲಿಟಿ ವಿಭಾಗದ ಕೆಲಸಾನೇ ಜಾಸ್ತಿ. ಯಾವ ವಾರ್ಡಲ್ಲಿ ಪೇಷಂಟ್ ಜಾರಿ ಬಿದ್ರು, ಯಾರಿಗೆ ತಪ್ಪು ಔಷಧಿ ಹೋಯ್ತು, ಯಾರ ಕೈಲಿ ಕ್ಯಾನುಲಾ (ನರದೊಳಗೆ ಹಾಕೋ ಸಣ್ಣ ಕೊಳವೆ) ಹಾಕಿದ ಜಾಗ ಕೆಂಪಗಾಗಿ ಊದ್ಕೊಂಡಿದೆ, ಇದನ್ನೆಲ್ಲ ಬರ್ದಿಟ್ಟು ಮತ್ತೆ ಹಂಗಾಗದೇ ಇರೋಕೆ ಏನ್ ಮಾಡ್ಬೇಕು ಅಂತ ನೋಡೋದು. ಹೊಸದಾಗಿ ಸೇರೋ ಹುಡುಗೀರಿಗೆ ಕ್ಲಾಸೂ ತಗೋತೀನಿ. ತಪ್ಪಾದ್ರೆ ಹೇಳಿ, ತಪ್ಪಾಗೋದು ಕೂದಲೆಳೇಲಿ ತಪ್ಪಿದ್ರೂ ಹೇಳಿ ಅಂತ ಪ್ರತಿ ಬ್ಯಾಚಿಗೂ ಹೇಳ್ತೀನಿ. ಆದ್ರೆ ನಾನು ಹೇಳದೇ ಇಟ್ಕೊಂಡಿದ್ದು ಒಂದಿದೆ. ಇಷ್ಟು ವರ್ಷ ಮನೆಯವರಿಗೂ ಹೇಳಿರ್ಲಿಲ್ಲ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ದಾವಣಗೆರೆ ಸುತ್ತಮುತ್ತ ಒಂದು ಊರು, ಆಸ್ಪತ್ರೆ ಹೆಸರು ಬೇಡ. ನೈಟ್ ಡ್ಯೂಟಿ, ಮಕ್ಕಳು ದೊಡ್ಡೋರು ಎಲ್ಲ ಸೇರಿದ ವಾರ್ಡು, 38 ಪೇಷಂಟು, ನಾವಿಬ್ರು ಸಿಸ್ಟರ್‌ಗಳು, ಅದ್ರಲ್ಲಿ ಇನ್ನೊಬ್ಬಳು ಲೇಬರ್ ರೂಮಿಗೆ ಕರೀತಿದಾರೆ ಅಂತ ಹೋದೋಳು ವಾಪಸ್ ಬಂದಿರ್ಲಿಲ್ಲ. ಬೆಳಗಿನ ಜಾವದ ಇಂಜೆಕ್ಷನ್ ರೌಂಡು. ಆರೇಳು ವರ್ಷದ ಹುಡುಗ, ನ್ಯುಮೋನಿಯಾ, ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ ಹೋಗ್ತಿತ್ತು. ಅದು ಪುಡಿ ಇರೋ ವಯಲ್ಲು, ಅಂದ್ರೆ ಪುಟ್ಟ ಸೀಸೆ, ಡಿಸ್ಟಿಲ್ಡ್ ವಾಟರ್ ಹಾಕಿ ಕಲಸಿ ಕೊಡ್ಬೇಕು. ನಮ್ಮ ಇಂಜೆಕ್ಷನ್ ಟ್ರೇಲಿ 10 ಎಂಎಲ್ ಡಿಸ್ಟಿಲ್ಡ್ ವಾಟರ್ ತುಂಬಿದ, ಕತ್ತು ತಿರುವಿ ಮುರಿಯೋ ಪುಟ್ಟ ಪ್ಲಾಸ್ಟಿಕ್ ಆಂಪುಲ್‌ಗಳ ಪಕ್ಕದಲ್ಲೇ 10 ಎಂಎಲ್ ಪೊಟ್ಯಾಸಿಯಂ ಕ್ಲೋರೈಡ್ ಆಂಪುಲ್‌ಗಳೂ ಇರ್ತಿದ್ವು, ಅದೇ ಅಳತೆ, ಅದೇ ಆಕಾರ, ಒಳಗಿರೋ ನೀರೂ ಅದೇ ಥರ ತಿಳಿ. ಮೇಲಿನ ಅಕ್ಷರದ ಬಣ್ಣ ಮಾತ್ರ ಬೇರೆ. ನಾನು ತಗೊಂಡೆ, ಕತ್ತು ತಿರುವಿ ಮುರಿದೆ, ಸಿರಿಂಜಿಗೆ ಎಳ್ಕೊಂಡೆ. ವಯಲ್ಲಿಗೆ ಹಾಕಿ ಅಲ್ಲಾಡಿಸ್ತಾ ಇದ್ದಾಗ ಹುಡುಗನ ಅಜ್ಜಿ, ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗಿದ್ದೋರು, ಎದ್ದು ಕೂತು ಕೇಳಿದ್ರು: "ಯಾಕವ್ವಾ, ನಿನ್ನೆ ಹಾಕಿದ್ದು ನೀಲಿ ಅಕ್ಷರದ್ದು, ಇವತ್ತು ಕೆಂಪು ಐತಲ್ಲ?"

ಅಜ್ಜಿಗೆ ಓದೋಕೆ ಬರ್ತಿರ್ಲಿಲ್ಲ, ಅಡ್ಮಿಷನ್ ಪೇಪರಿಗೆ ಹೆಬ್ಬೆಟ್ಟು ಒತ್ತಿದ್ದು ನಾನೇ ನೋಡಿದ್ದೆ. ಮೊಮ್ಮಗನಿಗೆ ಏನೇನು ಹೋಗ್ತಿದೆ ಅಂತ ಮೂರು ದಿನದಿಂದ ಬಣ್ಣ ನೋಡಿ ಗುರುತಿಟ್ಕೊಂಡಿದ್ರು.

ನರ್ಸಿಂಗ್ ಗೊತ್ತಿಲ್ಲದೋರಿಗೆ ಒಂದ್ಮಾತು ಹೇಳ್ಬೇಕು. ಪೊಟ್ಯಾಸಿಯಂ ಕ್ಲೋರೈಡ್, ನಾವು ಕೆಸಿಎಲ್ ಅಂತೀವಿ, ವಿಷ ಏನಲ್ಲ, ರಕ್ತದಲ್ಲಿ ಪೊಟ್ಯಾಸಿಯಂ ಕಮ್ಮಿಯಾದೋರಿಗೆ ಜೀವ ಉಳಿಸೋ ಔಷಧಿ. ಆದ್ರೆ ಅದನ್ನ ದೊಡ್ಡ ಡ್ರಿಪ್ ಬಾಟ್ಲಿಗೆ ಬೆರೆಸಿ ಗಂಟೆಗಟ್ಲೆ ನಿಧಾನಕ್ಕೆ ಬಿಡ್ಬೇಕು. ಆ ಪುಟ್ಟ ಆಂಪುಲ್ಲಲ್ಲಿ ಇರೋದನ್ನ ಹಂಗೇ ನರಕ್ಕೆ ಒತ್ತಿದ್ರೆ ಹೃದಯ ನಿಂತೋಗತ್ತೆ. ದೊಡ್ಡೋರಿಗೇ ನಿಲ್ಲತ್ತೆ, ಅದು 18 ಕೆಜಿ ಮಗು.

ಸಿರಿಂಜು, ವಯಲ್ಲು, ಖಾಲಿ ಆಂಪುಲ್ಲು ಎಲ್ಲಾ ತಗೊಂಡೋಗಿ ಡಬ್ಬಕ್ಕೆ ಹಾಕ್ದೆ. ಕೈ ನಡುಗ್ತಿತ್ತು, ಸ್ಟೋರ್ ರೂಮಲ್ಲಿ ಬಾಗಿಲು ಹಾಕ್ಕೊಂಡು ಐದ್ನಿಮಿಷ ನಿಂತಿದ್ದೆ. ಆಮೇಲೆ ಬೇರೆ ವಯಲ್ಲು, ನೀಲಿ ಅಕ್ಷರದ ಆಂಪುಲ್ಲು ತಗೊಂಡು ಬಂದು ಇಂಜೆಕ್ಷನ್ ಕೊಟ್ಟೆ. ಬೆಳಗ್ಗೆ ಮುಂದಿನ ಶಿಫ್ಟಿನೋರಿಗೆ ಹ್ಯಾಂಡೋವರ್ ಕೊಡೋವಾಗ "ಬೆಡ್ ನಂಬರ್ 14, ಜ್ವರ ಇಲ್ಲ, ಆಂಟಿಬಯೋಟಿಕ್ ಕೊಟ್ಟಿದೆ" ಅಂತ ಮಾತ್ರ ಹೇಳಿ ಮನೆಗೆ ಹೋದೆ. ಹುಡುಗ ನಾಲ್ಕು ದಿನಕ್ಕೆ ಡಿಸ್ಚಾರ್ಜ್ ಆದ.

ಯಾಕೆ ಹೇಳ್ಲಿಲ್ಲ ಅಂದ್ರೆ ಹೆದರಿಕೆ. ಅಲ್ಲಿ ತಪ್ಪು ಅಂತ ಗೊತ್ತಾದ್ರೆ ಮೆಮೊ, ಎಕ್ಸ್‌ಪ್ಲನೇಷನ್ ಲೆಟರ್, ಸಂಬಳ ಕಟ್, ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲರ ಮುಂದೆ ಇನ್‌ಚಾರ್ಜ್ ಸಿಸ್ಟರ್ ಬಾಯಿಗೆ ಬಂದಂಗೆ ಬೈಯೋದು. ಮನೇಲಿ ನನ್ನ ಸಂಬಳ ನೆಚ್ಕೊಂಡು ತಮ್ಮನ ಕಾಲೇಜು ನಡೀತಿತ್ತು. ಏನೂ ಆಗ್ಲಿಲ್ಲವಲ್ಲ, ಮಗು ಚೆನ್ನಾಗಿದೆಯಲ್ಲ, ಇನ್ಮೇಲೆ ಹುಷಾರಾಗಿರ್ತೀನಿ ಅಂತ ದೇವರಿಗೆ ಕೈ ಮುಗಿದು ಸುಮ್ನಾದೆ. ನಿಜವಾಗ್ಲೂ ಹುಷಾರಾದೆ, ಆವತ್ತಿಂದ ಇವತ್ತಿನವರೆಗೆ ಲೇಬಲ್ ಮೂರು ಸಲ ಓದದೇ ಆಂಪುಲ್ ಮುರಿದಿಲ್ಲ. ಆದ್ರೆ ಆ ಟ್ರೇ ಹಂಗೇ ಇತ್ತು. ನೀಲಿ ಪಕ್ಕ ಕೆಂಪು.

ನಾಲ್ಕು ತಿಂಗಳಾದ ಮೇಲೆ ಅದೇ ವಾರ್ಡು, ಅದೇ ಟ್ರೇ, ನನಗಿಂತ ಜೂನಿಯರ್ ಹುಡುಗಿ. ಕ್ಯಾನುಲಾ ಕಟ್ಕೊಂಡಿದೆ, ನೀರು ಒತ್ತಿ ಫ್ಲಶ್ ಮಾಡೋಣ ಅಂತ ಆಂಪುಲ್ ತಗೊಂಡ್ಳು. ಪೇಷಂಟು 50 ದಾಟಿದ ಗಂಡಸು, ಎರಡ್ಮೂರು ಎಂಎಲ್ ಹೋಗ್ತಿದ್ದಂಗೆ ಕೈ ಸುಡ್ತಿದೆ ಅಂತ ಕೂಗಿ ಕೈ ಎಳ್ಕೊಂಡ್ರು, ಆ ಉರಿಯಿಂದಾನೇ ಅವರು ಬದುಕಿದ್ದು. ಇಸಿಜಿ ಎಲ್ಲಾ ಏರುಪೇರಾಗಿ, ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟು, ಐಸಿಯುಗೆ ಹಾಕಿ, ಎರಡು ದಿನ ಆದ್ಮೇಲೆ ವಾರ್ಡಿಗೆ ಬಂದ್ರು. ಹುಡುಗೀನ ಕೆಲಸದಿಂದ ತೆಗೆದ್ರು. ಎನ್‌ಕ್ವೈರೀಲಿ ನನ್ನನ್ನೂ ಕೂರಿಸಿ ಕೇಳಿದ್ರು, ಈ ಥರ ಮುಂಚೆ ಏನಾದ್ರೂ ಆಗಿತ್ತಾ ಅಂತ. ಇಲ್ಲ ಸರ್ ಅಂದೆ.

ನಾನು ಆವತ್ತು ಬೆಳಗ್ಗೆ ಹ್ಯಾಂಡೋವರಲ್ಲಿ ಒಂದು ವಾಕ್ಯ ಹೇಳಿದ್ರೆ, ಸಿಸ್ಟರ್ ಇವೆರಡು ಒಂದೇ ಥರ ಕಾಣ್ತಿವೆ, ನಾನು ಬದಲಾಯಿಸಿಬಿಟ್ಟಿದ್ದೆ ಅಂದಿದ್ರೆ, ಆ ಕೆಂಪು ಆಂಪುಲ್‌ಗಳನ್ನ ಯಾರಾದ್ರೂ ಬೇರೆ ಡಬ್ಬಕ್ಕೆ ಹಾಕ್ತಿದ್ರೇನೋ. ಹಾಕ್ತಿರ್ಲಿಲ್ವೇನೋ. ಆದ್ರೆ ಹಾಕೋ ಅವಕಾಶಾನೇ ನಾನು ಕೊಡ್ಲಿಲ್ಲ. ಆ ಹುಡುಗಿ ಆಮೇಲೆ ಎಲ್ಲಿಗೆ ಹೋದ್ಳೋ ಗೊತ್ತಿಲ್ಲ.

ಮುಂದೆ ಕ್ವಾಲಿಟಿ ಟ್ರೇನಿಂಗಿಗೆ ಹೋದಾಗ ಗೊತ್ತಾಯ್ತು, ಈ ಕೆಸಿಎಲ್ ಎಡವಟ್ಟು ನಮ್ಮೂರಿನದಷ್ಟೇ ಅಲ್ಲ, ಪ್ರಪಂಚದಲ್ಲೆಲ್ಲಾ ಆಗಿದೆ, ಜನ ಸತ್ತಿದಾರೆ ಅಂತ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗಿಗಳ ಸುರಕ್ಷತೆಗೆ ಅಂತ ಒಂಬತ್ತು ಸಲಹೆ ಕೊಡ್ತು, ಅದ್ರಲ್ಲಿ ಎರಡು ನಮ್ಮ ಟ್ರೇಗೇ ಬರೆದಂಗಿದ್ವು. ನೋಡೋಕೆ, ಕೇಳೋಕೆ ಒಂದೇ ಥರ ಇರೋ ಔಷಧಿಗಳನ್ನ ಬೇರೆ ಬೇರೆ ಇಡಿ, ನೀರು ಬೆರೆಸದ ಗಟ್ಟಿ ಪೊಟ್ಯಾಸಿಯಂ ಥರದ್ದನ್ನ ಕಟ್ಟುನಿಟ್ಟಾಗಿ ನಿಯಂತ್ರಿಸಿ ಅಂತ. ಅದನ್ನ ಓದ್ದಾಗ ನಂಗೆ ಸಮಾಧಾನಾನೂ ಆಯ್ತು, ಹೊಟ್ಟೇಲಿ ಸಂಕಟಾನೂ ಆಯ್ತು. ನಾನೊಬ್ಬಳೇ ಅಲ್ಲ ಅನ್ನೋ ಸಮಾಧಾನ. ಇಷ್ಟು ಸುಲಭಕ್ಕೆ ತಡೀಬೋದಿತ್ತಲ್ಲ ಅನ್ನೋ ಸಂಕಟ. ಈಗ ನಾನಿರೋ ಆಸ್ಪತ್ರೇಲಿ ವಾರ್ಡಿನ ಟ್ರೇಲಿ ಕೆಸಿಎಲ್ ಇಡೋ ಹಂಗಿಲ್ಲ, ಬೀಗ ಹಾಕಿದ ಬೇರೆ ಪೆಟ್ಟಿಗೆ, ಕೊಡೋವಾಗ ಇಬ್ರು ಸಿಸ್ಟರ್ ನೋಡಿ ಇಬ್ರೂ ಸೈನ್ ಮಾಡ್ಬೇಕು.

ಓಟೀಲಿ, ಅಂದ್ರೆ ಆಪರೇಷನ್ ಥಿಯೇಟರಲ್ಲಿ, ಕೆಲಸ ಮಾಡಿರೋರಿಗೆ ಇದಕ್ಕಿಂತ ಚೆಂದದ ಉದಾಹರಣೆ ಗೊತ್ತಿರತ್ತೆ. ಅರಿವಳಿಕೆ ಕೊಡೋ ಬಾಯ್ಲ್ಸ್ ಮಷೀನಿಗೆ ಆಕ್ಸಿಜನ್ ಸಿಲಿಂಡರೂ ಹಾಕ್ತೀವಿ, ಅರಿವಳಿಕೆಯ ಅನಿಲ ನೈಟ್ರಸ್ ಆಕ್ಸೈಡ್ ಸಿಲಿಂಡರೂ ಹಾಕ್ತೀವಿ, ಒಂದ್ರ ಜಾಗಕ್ಕೆ ಇನ್ನೊಂದು ಹೋದ್ರೆ ಪೇಷಂಟ್ ಉಳಿಯಲ್ಲ. ಅದಕ್ಕೇ ಮಷೀನಿನ ಕಡೆ ಸಣ್ಣ ಮೊಳೆ ಥರ ಎರಡು ಪಿನ್ ಇರತ್ತೆ, ಸಿಲಿಂಡರಿನ ತಲೇಲಿ ಅದಕ್ಕೆ ಸರಿಯಾಗಿ ಎರಡು ತೂತು. ಆಕ್ಸಿಜನ್ನಿಗೆ 2 ಮತ್ತೆ 5ನೇ ಜಾಗ, ನೈಟ್ರಸ್ಸಿಗೆ 3 ಮತ್ತೆ 5. ತಪ್ಪು ಸಿಲಿಂಡರ್ ತಂದ್ರೆ ಅದು ಕೂರೋದೇ ಇಲ್ಲ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಲ್ಲಿ ಹಾಕೋಕೆ ಹೋದ್ರೂ ಕೂರಲ್ಲ. ಹುಷಾರಾಗಿರಿ ಅಂತ ಗೋಡೆಗೆ ನೂರು ಬೋರ್ಡ್ ಹಾಕೋದಕ್ಕಿಂತ ಆ ಎರಡು ಪಿನ್ ಮೇಲೆ ನಂಗೆ ನಂಬಿಕೆ ಜಾಸ್ತಿ. ಯಾಕಂದ್ರೆ ಮನುಷ್ಯರಿಗೆ ಸುಸ್ತಾಗತ್ತೆ, ಹಸಿವಾಗತ್ತೆ, ಮನೇಲಿ ಮಗುಗೆ ಜ್ವರ ಇರತ್ತೆ.

ಆದ್ರೆ ಎಲ್ಲದಕ್ಕೂ ಪಿನ್ ಹಾಕೋಕಾಗಲ್ಲವಲ್ಲ. ಕೆಲವು ಕಡೆ ಮನುಷ್ಯರೇ ಬಾಯಿ ಬಿಡ್ಬೇಕು, ಅಲ್ಲೇ ಎಲ್ಲ ಸಿಕ್ಕಾಕ್ಕೊಳೋದು.

ನಾನು ಕ್ಲಾಸಲ್ಲಿ ತಪ್ಪದೇ ಹೇಳೋ ಒಂದು ಘಟನೆ ಇದೆ. 2005ರ ಮಾರ್ಚ್, ಇಂಗ್ಲೆಂಡು. ಇಲೇನ್ ಬ್ರಾಮಿಲಿ ಅಂತ, 37 ವರ್ಷ, ಇಬ್ಬರು ಪುಟ್ಟ ಮಕ್ಕಳ ತಾಯಿ, ಸೈನಸ್‌ದು ಮಾಮೂಲಿ ಆಪರೇಷನ್ನು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಕಟ್ಕೊಳ್ತು, ಮಾಸ್ಕಿಂದ ಗಾಳಿ ಹೋಗ್ತಿಲ್ಲ, ಟ್ಯೂಬೂ ಇಳೀತಿಲ್ಲ. ಅಂಥ ಹೊತ್ತಲ್ಲಿ ಟ್ಯೂಬಿನ ಆಸೆ ಬಿಟ್ಟು ಕತ್ತಿನ ಮುಂದೆ ತೂತು ಮಾಡಿ ಗಾಳಿ ಕೊಡ್ಬೇಕು ಅಂತ ಎಲ್ಲ ಡಾಕ್ಟ್ರಿಗೂ ಗೊತ್ತು. ಅಲ್ಲಿದ್ದ ಮೂವರೂ ಅನುಭವಸ್ಥ ಕನ್ಸಲ್ಟೆಂಟ್‌ಗಳು. ಆದ್ರೂ ಅವರು ಟ್ಯೂಬ್ ಹಾಕೋ ಪ್ರಯತ್ನದಲ್ಲೇ ಮುಳುಗೋದ್ರು, ರಕ್ತದಲ್ಲಿ ಆಕ್ಸಿಜನ್ ಪ್ರಮಾಣ, ಅಂದ್ರೆ ಸ್ಯಾಚುರೇಷನ್, 100ರ ಹತ್ರ ಇರ್ಬೇಕಾದ್ದು 40ಕ್ಕೆ ಇಳಿದಿತ್ತು, 20 ನಿಮಿಷ ದಾಟ್ತು, ಹೊತ್ತು ಎಷ್ಟಾಯ್ತು ಅನ್ನೋ ಪರಿವೇನೇ ಇಲ್ಲ. ಒಬ್ಬ ನರ್ಸು ಕತ್ತಿಗೆ ತೂತು ಮಾಡೋ ಸೆಟ್ ತಂದು ರೆಡಿ ಇದೆ ಅಂದ್ರು, ಯಾರೂ ಗಮನಿಸ್ಲಿಲ್ಲ. ಇನ್ನೊಬ್ರು ಐಸಿಯುಗೆ ಫೋನ್ ಮಾಡಿ ಬೆಡ್ ಹೇಳಿದ್ರು, ಡಾಕ್ಟ್ರುಗಳು ಯಾಕೆ ಇಷ್ಟು ಗಾಬರಿ ಅನ್ನೋ ಥರ ನೋಡಿದ್ದಕ್ಕೆ ಆ ಬೆಡ್ಡನ್ನ ಕ್ಯಾನ್ಸಲ್ ಮಾಡಿದ್ರು. 13 ದಿನ ಆದ್ಮೇಲೆ ಇಲೇನ್ ತೀರ್ಕೊಂಡ್ರು.

ಅವರ ಗಂಡ ಮಾರ್ಟಿನ್ ಪೈಲಟ್ಟು. ವಿಮಾನದ ಲೋಕದಲ್ಲಿ ಅಪಘಾತ ಆದ್ರೆ ತನಿಖೆ ಆಗ್ಲೇಬೇಕು, ಕಲಿತಿದ್ದನ್ನ ಎಲ್ಲರ ಹತ್ರ ಹಂಚ್ಕೊಳ್ಲೇಬೇಕು, ಕೋ-ಪೈಲಟ್ ಕ್ಯಾಪ್ಟನ್ನಿಗೆ ಇದು ಸರಿ ಇಲ್ಲ ಅಂತ ಹೇಳೋಕೇ ಟ್ರೇನಿಂಗ್ ಕೊಡ್ತಾರೆ. ಆಸ್ಪತ್ರೇಲಿ ಅದ್ಯಾಕಿಲ್ಲ ಅಂತ ಕೇಳಿದ್ರು. ಹೆಂಡತಿ ಹೋದ ದುಃಖದಲ್ಲೂ ಆ ಮನುಷ್ಯ ಯಾರನ್ನೂ ಜೈಲಿಗೆ ಹಾಕ್ಸೋಕೆ ಓಡಾಡ್ಲಿಲ್ಲ, ಇದ್ರಿಂದ ಬೇರೆಯವರು ಕಲೀಲಿ ಅಂತ ತನಿಖೆಯ ವರದೀನ ಎಲ್ಲರ ಮುಂದೆ ಇಟ್ರು, 2007ರಲ್ಲಿ ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪ್ ಅಂತ ಶುರು ಮಾಡಿದ್ರು. ಈ ಕಥೆ ಹೇಳೋವಾಗೆಲ್ಲ ನನ್ನ ಗಂಟಲು ಕಟ್ಟತ್ತೆ, ಅದು ಆ ಇಬ್ಬರು ನರ್ಸುಗಳಿಗೋಸ್ಕರ. ಅವರಿಗೆ ಗೊತ್ತಿತ್ತು. ಕೈಲಿ ಸೆಟ್ ಇತ್ತು.

ಇನ್ನು ನಮ್ಮಲ್ಲಿ ಹೇಳಿ. ದೊಡ್ಡ ಡಾಕ್ಟ್ರು ರೌಂಡ್ಸಿಗೆ ಬಂದ್ರೆ ಫ್ಯಾನ್ ಸದ್ದೂ ಜೋರು ಅನ್ಸತ್ತೆ. ನಾವು ಮಾತಾಡೋದೇ ಹಂಗೆ, "ಸರ್, ಒಂಚೂರು ನೋಡ್ತೀರಾ ಸರ್, ಸ್ಯಾಚುರೇಷನ್ ಸ್ವಲ್ಪ ಕಮ್ಮಿ ಇದೆಯೇನೋ ಸರ್." ಒಂದೇ ವಾಕ್ಯದಲ್ಲಿ ಮೂರು ಸರ್, ಒಂದು ಒಂಚೂರು, ಒಂದು ಸ್ವಲ್ಪ, ಒಂದು ಏನೋ, ಅಷ್ಟೊತ್ತಿಗೆ ಹೇಳ್ಬೇಕಾದ ವಿಷಯ ಎಲ್ಲೋ ಕರಗೋಗಿರತ್ತೆ. ಮರ್ಯಾದೆ ಬೇಕು, ಬೇಡ ಅನ್ನಲ್ಲ, ನಾನೂ ಹಂಗೇ ಬೆಳೆದೋಳು. ಅದಕ್ಕೇ ಕ್ಲಾಸಲ್ಲಿ ಹುಡುಗೀರನ್ನ ನಿಲ್ಲಿಸಿ ಬಾಯಿ ಬಿಟ್ಟು ಹೇಳಿಸ್ತೀನಿ: "ಸರ್, ನಂಗೆ ಆತಂಕ ಆಗ್ತಿದೆ. ಸ್ಯಾಚುರೇಷನ್ 40. ದಯವಿಟ್ಟು ನಿಲ್ಲಿಸಿ." ಮೊದಲ್ನೇ ಸಲ ಎಲ್ರೂ ನಗ್ತಾರೆ, ಎರಡನೇ ಸಲ ದನಿ ನಡುಗತ್ತೆ, ಐದಾರು ಸಲ ಆದ್ಮೇಲೆ ಗಟ್ಟಿಯಾಗಿ ಬರತ್ತೆ. ನಿಲ್ಲಿಸಿ ಅನ್ನೋ ಪದ ನಮ್ಮ ಬಾಯಿಗೆ ಅಭ್ಯಾಸ ಇಲ್ಲ, ಅದನ್ನ ಕಲೀಬೇಕು.

ಆಪರೇಷನ್ ಥಿಯೇಟರಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಚೆಕ್‌ಲಿಸ್ಟ್ ತಂತು, 19 ಅಂಶ, ಮೂರು ಸಲ ನಿಂತು ನೋಡ್ಬೇಕು, ಅರಿವಳಿಕೆಗೆ ಮುಂಚೆ, ಕತ್ತರಿ ಹಾಕೋ ಮುಂಚೆ, ಪೇಷಂಟ್ ಹೊರಗೆ ಹೋಗೋ ಮುಂಚೆ. ಎಂಟು ಊರಿನ ಆಸ್ಪತ್ರೆಗಳಲ್ಲಿ ನೋಡಿದ್ರು, ದೆಹಲೀನೂ ಅದ್ರಲ್ಲಿತ್ತು, ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳೀತು. ನಂಗೆ ಅದ್ರಲ್ಲಿ ತುಂಬಾ ಇಷ್ಟ ಆಗೋದು ಕತ್ತರಿ ಹಾಕೋ ಮುಂಚೆ ಅಲ್ಲಿರೋ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳ್ಕೊಬೇಕು ಅನ್ನೋದು. ಒಂದ್ಸಲ ಬಾಯಿ ಬಿಟ್ಟು ಹೆಸರು ಹೇಳಿದೋಳು ಅರ್ಧ ಗಂಟೆ ಆದ್ಮೇಲೆ ಸರ್, ಗಾಜ್ ಲೆಕ್ಕ ಸರಿ ಇಲ್ಲ ಅನ್ನೋಕೂ ಬಾಯಿ ಬಿಡ್ತಾಳೆ. ನಾನು ಕಣ್ಣಾರೆ ನೋಡಿದೀನಿ.

ಹೆರಿಗೆಗೂ ಅಂಥದ್ದೇ ಚೆಕ್‌ಲಿಸ್ಟ್ ಇದೆ, ಅದನ್ನ 2010ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ತಾಲೂಕು ಮಟ್ಟದ ಹೆರಿಗೆ ಆಸ್ಪತ್ರೇಲಿ ಪ್ರಯೋಗ ಮಾಡಿದ್ರು ಅನ್ನೋದು ನಮ್ಮೋರಿಗೇ ಗೊತ್ತಿಲ್ಲ. ಪ್ರತಿ ಹೆರಿಗೆಗೂ ಮಾಡ್ಲೇಬೇಕಾದ 29 ಕೆಲಸಗಳಲ್ಲಿ ಮುಂಚೆ ಸರಾಸರಿ 10 ಆಗ್ತಿತ್ತು, ಚೆಕ್‌ಲಿಸ್ಟ್ ಬಂದ್ಮೇಲೆ 25. ಅದೇ ಸಿಬ್ಬಂದಿ. ಓದಿ ಹೆಮ್ಮೆ ಆಯ್ತು. ಆದ್ರೆ ಆಮೇಲೆ ಉತ್ತರ ಪ್ರದೇಶದಲ್ಲಿ 120 ಆಸ್ಪತ್ರೆಗಳಲ್ಲಿ, 1.5 ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ ದೊಡ್ಡದಾಗಿ ನೋಡಿದಾಗ, 2017ರಲ್ಲಿ ಫಲಿತಾಂಶ ಬಂತು, ಕೆಲಸದ ರೀತಿ ಸುಧಾರಿಸಿತ್ತು, ತಾಯಿ ಮಗುವಿನ ಸಾವು ಮಾತ್ರ ಕಮ್ಮಿ ಆಗಿರ್ಲಿಲ್ಲ. ನನ್ನ ಅನುಭವದಲ್ಲಿ ಹೇಳ್ತೀನಿ, ಕಾಗದದ ಕೈಲಿ ಆಗೋದು ಇಷ್ಟೇ ಇಷ್ಟು, ರಕ್ತ ಬೇಕಂದಾಗ ರಕ್ತ ಇರ್ಬೇಕು, ಆಂಬುಲೆನ್ಸ್ ಬೇಕಂದಾಗ ಬರ್ಬೇಕು, 38 ಪೇಷಂಟಿಗೆ ಇಬ್ರು ಸಿಸ್ಟರ್ ಇರೋ ಕಡೆ ಯಾವ ಚೆಕ್‌ಲಿಸ್ಟೂ ಮೂರನೇ ಸಿಸ್ಟರ್ ಆಗಲ್ಲ. ಬೆಳಗ್ಗೆ ಡ್ಯೂಟಿಗೆ ಬಂದ ತಕ್ಷಣ ಇಡೀ ದಿನದ ಟಿಕ್ಕುಗಳನ್ನ ಒಟ್ಟಿಗೇ ಹಾಕಿಟ್ಟಿರೋ ಹಾಳೆಗಳನ್ನ ನಾನು ಎಷ್ಟೋ ಸಲ ಹಿಡಿದಿದೀನಿ, ಬೈದಿಲ್ಲ, ಕೂತು ಕೇಳಿದೀನಿ, ಪ್ರತಿ ಸಲಾನೂ ಕಾರಣ ಒಂದೇ, ಟೈಮಿಲ್ಲ ಮೇಡಂ.

ಬೈಯೋದಿಲ್ಲ ಯಾಕೆ ಅಂದ್ರೆ, ಹೆದರಿಕೆ ಇರೋ ಕಡೆ ಸುದ್ದಿ ಮೇಲಕ್ಕೆ ಬರಲ್ಲ. 2017ರ ಕೊನೇಲಿ ಅಮೆರಿಕದ ಟೆನೆಸ್ಸೀಲಿ ರಡಾಂಡಾ ವಾಟ್ ಅನ್ನೋ ನರ್ಸು ನೆಮ್ಮದಿಗೆ ಕೊಡ್ಬೇಕಿದ್ದ ಔಷಧಿ ಬದ್ಲು ಸ್ನಾಯುಗಳನ್ನೇ ನಿಲ್ಲಿಸೋ ಔಷಧಿ ಕೊಟ್ಟು ವಯಸ್ಸಾದ ಪೇಷಂಟ್ ಒಬ್ರು ತೀರ್ಕೊಂಡ್ರು. ಔಷಧಿ ತೆಗೆದುಕೊಡೋ ಮಷೀನಲ್ಲಿ ಹೆಸರಿನ ಮೊದಲ ಎರಡು ಅಕ್ಷರ ಹೊಡೆದಾಗ ಬಂದಿದ್ದನ್ನ ತಗೊಂಡಿದ್ರು, ಎಚ್ಚರಿಕೆಗಳನ್ನ ದಾಟಿದ್ರು, ತಪ್ಪು ದೊಡ್ಡದೇ. ಆದ್ರೆ ಗೊತ್ತಾದ ತಕ್ಷಣ ತಾನೇ ಒಪ್ಕೊಂಡ್ರು. 2022ರಲ್ಲಿ ಕೋರ್ಟು ಅವರನ್ನ ಕ್ರಿಮಿನಲ್ ಅಪರಾಧಿ ಅಂತು, ಮೂರು ವರ್ಷ ಪ್ರೊಬೇಷನ್. ಆ ಸುದ್ದಿ ಬಂದ ವಾರ ನಮ್ಮ ಕ್ಯಾಂಟೀನಲ್ಲಿ ಹುಡುಗೀರು ಮಾತಾಡಿದ್ದು ಒಂದೇ, ಹೇಳಿದ್ದಕ್ಕೇ ಸಿಕ್ಕಿಬಿದ್ಳಲ್ಲ ಮೇಡಂ ಅಂತ. ಸತ್ತವರ ಮನೆಯವರ ನೋವು ನಂಗೆ ಅರ್ಥ ಆಗತ್ತೆ, ಅವರಿಗೆ ಸತ್ಯ ಸಿಗ್ಬೇಕು, ಪರಿಹಾರ ಸಿಗ್ಬೇಕು. ಕುಡಿದು ಡ್ಯೂಟಿಗೆ ಬಂದೋರಿಗೆ, ಬೇಕಂತ್ಲೇ ನಿಯಮ ಮುರಿಯೋರಿಗೆ ಶಿಕ್ಷೆ ಆಗ್ಲಿ. ಆದ್ರೆ ಕ್ಯಾಂಟೀನಿನ ಆ ಒಂದು ಮಾತಿಂದ ಮುಂದಿನ ಎಷ್ಟು ಟ್ರೇಗಳು ಹಂಗೇ ಉಳಿದ್ವೋ ಅಂತ ನಂಗೆ ಭಯ ಆಗತ್ತೆ.

ಇಷ್ಟೆಲ್ಲ ಸಿಸ್ಟರ್, ಡಾಕ್ಟ್ರು ಅಂತ ಬರೆದೆ, ಬಾಟ್ಲಿ ಒಳಗಿರೋದೇ ಕೆಟ್ಟಿದ್ರೆ? 2024ರ ನವೆಂಬರಲ್ಲಿ ಬಳ್ಳಾರೀಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ರಾದ್ಮೇಲೊಬ್ರು ತೀರ್ಕೊಂಡ್ರು, ಡ್ರಿಪ್ಪಲ್ಲಿ ಕೊಡೋ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದ್ರ ಬಳಕೆ ನಿಲ್ಲಿಸ್ತು. ಆ ಮನೆಗಳಲ್ಲಿ ಈಗ ತಾಯಿ ಇಲ್ಲದ ಕೂಸುಗಳು ಬೆಳೀತಿವೆ. ಔಷಧಿ ತಗೊಂಡ ಮೇಲೆ ಚಳಿ ನಡುಕ, ಮೈಮೇಲೆ ದದ್ದು, ಉಸಿರು ಕಟ್ಟೋದು ಏನೇ ಆದ್ರೂ ಮೊದ್ಲು ಸಿಸ್ಟರಿಗೆ ಹೇಳಿ, ಆಮೇಲೆ ಅದನ್ನ ದಾಖಲೂ ಮಾಡಿಸಿ. 2010ರಿಂದ ನಮ್ಮ ದೇಶದಲ್ಲಿ ಅದಕ್ಕೆ ವ್ಯವಸ್ಥೆ ಇದೆ, 1800-180-3024 ಅಂತ ಉಚಿತ ನಂಬರು, ಪೇಷಂಟುಗಳೂ ಮಾಡ್ಬೋದು.

ಪೇಷಂಟು, ಅಟೆಂಡರು ಕೇಳ್ಬೇಕಾದ್ದು ಇನ್ನೂ ಇದೆ. ವಾರ್ಡಲ್ಲಿ ಇಬ್ರು ಲಕ್ಷ್ಮಮ್ಮ ಇರ್ತಾರೆ. "ನೀವು ಲಕ್ಷ್ಮಮ್ಮ ಅಲ್ವಾ?" ಅಂದ್ರೆ ಕಿವಿ ಕೇಳದ ಸಾವಿತ್ರಮ್ಮನೂ ಹೂಂ ಅಂತಾರೆ. ನಿಮ್ಮ ಹೆಸರೇನು ಅಂತ ಕೇಳಿ ಅವರ ಬಾಯಿಂದಾನೇ ಬರಿಸ್ಬೇಕು, ಕೈಪಟ್ಟಿ ನಂಬರ್ ನೋಡ್ಬೇಕು. ಹೆಸರು ಕೇಳದೇ ಇಂಜೆಕ್ಷನ್ ತಂದ್ರೆ ಇದು ಯಾರಿಗೆ, ಯಾತಕ್ಕೆ ಅಂತ ನೀವೇ ಕೇಳಿ. ಮನೇಲಿ ಇನ್ಸುಲಿನ್ ಚುಚ್ಕೊಳೋರು ಬಾಟ್ಲಿ ಮೇಲೆ ಒಂದು ಎಂಎಲ್ಲಿಗೆ 40 ಯೂನಿಟ್ ಅಂತಿದೆಯಾ 100 ಅಂತಿದೆಯಾ ನೋಡಿ, ನಮ್ಮಲ್ಲಿ ಎರಡೂ ಸಿಗತ್ತೆ, 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು, 100ರ ಇನ್ಸುಲಿನ್ನನ್ನ 40ರ ಸಿರಿಂಜಲ್ಲಿ ಎಳೆದ್ರೆ ಎರಡೂವರೆ ಪಟ್ಟು ಹೋಗತ್ತೆ, ಶುಗರ್ ಬಿದ್ದು ಎಚ್ಚರ ತಪ್ಪತ್ತೆ. ಮೆಡಿಕಲ್ ಸ್ಟೋರಲ್ಲಿ ಅದೇ ಕೊಟ್ರು ಅಂತ ಸುಮ್ಮನೆ ತರ್ಬೇಡಿ. ಫೋನಲ್ಲಿ ಡೋಸ್ ಕೇಳೋವಾಗ ಫಿಫ್ಟಿ ಫಿಫ್ಟೀನ್ ಎರಡೂ ಒಂದೇ ಥರ ಕೇಳ್ಸತ್ತೆ, ಒಂದು ಐದಾ, ಐದು ಸೊನ್ನೆನಾ ಅಂತ ಬಿಡಿಸಿ ಕೇಳಿ. ಕೇಳಿದ್ರೆ ಸಿಸ್ಟರ್ ಸಿಡುಕ್ತಾರೆ ಅಂತ ಗೊತ್ತು. ನಾನೂ ಸಿಡುಕಿದೀನಿ. ಆದ್ರೂ ಕೇಳಿ.

ಆ ಅಜ್ಜಿ ಕೇಳಿದ್ದಕ್ಕೆ ನಾನು ಏನಂದೆ ಅಂತ ಮೇಲೆ ಬರೀಲಿಲ್ಲ. ಸ್ಟೋರ್ ರೂಮಿಂದ ವಾಪಸ್ ಬಂದು ನೀಲಿ ಅಕ್ಷರದ್ದನ್ನ ಮುರೀತಿದ್ದಾಗ ಅಜ್ಜಿ ನನ್ನ ಮುಖಾನೇ ನೋಡ್ತಿದ್ರು. ನಾನು ನಕ್ಕು, "ಎರಡೂ ಒಂದೇ ಅಜ್ಜಿ, ಕಂಪನಿ ಬೇರೆ ಅಷ್ಟೇ, ನೀವ್ಯಾಕೆ ತಲೆ ಕೆಡಿಸ್ಕೊತೀರಾ" ಅಂದೆ. ಅಜ್ಜಿ ಒಂದ್ನಿಮಿಷ ಸುಮ್ನಿದ್ದು, "ಹಂಗಾದ್ರೆ ಸರಿ ಬಿಡವ್ವ, ನಮಗೇನು ತಿಳಿತೈತಿ" ಅಂದ್ರು.

ಮಾರನೇ ರಾತ್ರಿ ನಾನು ಇಂಜೆಕ್ಷನ್ ತಗೊಂಡು ಹೋದಾಗ ಅಜ್ಜಿ ಎಚ್ಚರ ಇದ್ರು. ಟ್ರೇ ಕಡೆ ನೋಡ್ಲಿಲ್ಲ. ಮೊಮ್ಮಗನ ಕಾಲು ಒತ್ತುತ್ತಾ ಗೋಡೆ ಕಡೆ ತಿರುಗಿ ಕೂತಿದ್ರು.